ಬ್ರೇಕು ಯಾರ ಸ್ವತ್ತು?

ಹಳೆಯ ವಾಹನವನ್ನು ಬಿಡದೆ ಇಟ್ಟುಕೊಂಡವನಿಗೆ ಲೋಕದಲ್ಲಿ ಎರಡೇ ಬಿರುದು. ಬಂಗಲೆಯವನು ಇಟ್ಟುಕೊಂಡರೆ ರಸಿಕ. ಅಂಗಡಿಯವನು ಇಟ್ಟುಕೊಂಡರೆ ಜಿಪುಣ. ನಾನು ಬಳೇಪೇಟೆಯಲ್ಲಿ ಬಳೆ ವ್ಯಾಪಾರ ಮಾಡುವವನು. ನನಗೆ ಸಂದಿರುವ ಬಿರುದು ಯಾವುದೆಂದು ಬಿಡಿಸಿ ಹೇಳಬೇಕಾದ್ದಿಲ್ಲ. ಅದಿರಲಿ, ಬಿರುದು ಯಾವುದಾದರೂ ಅದು ನೋಡುವುದು ವಾಹನಕ್ಕೂ ಅದರ ಒಡೆಯನಿಗೂ ಇರುವ ಸಂಬಂಧವನ್ನು ಮಾತ್ರ. ಆ ವಾಹನದ ಮುಂದೆ ರಸ್ತೆ ದಾಟುವವನು, ಅದರ ಹಿಂದೆ ಮೂಗು ಮುಚ್ಚಿಕೊಂಡು ನಡೆಯುವವನು, ಇವರು ಲೆಕ್ಕಕ್ಕೇ ಬರುವುದಿಲ್ಲ. ಕೆಲವು ವರ್ಷಗಳಿಂದ ನನಗೆ ಇವರದೇ ಯೋಚನೆ ಹತ್ತಿದೆ.

ನಮ್ಮದು ಟಾಟಾಮೊಬೈಲ್ ಪಿಕಪ್. ೧೯೯೪ರಲ್ಲಿ ನಮ್ಮ ತಂದೆಯವರು ಕೊಂಡದ್ದು. ಈ ಮಾದರಿ ಮೊದಲು ಬಂದದ್ದು ೧೯೮೮ರಲ್ಲಿ. ಮುಂದೆ ಅದೇ ಕಂಪೆನಿಯ ಸಿಯೆರಾ, ಎಸ್ಟೇಟ್, ಸುಮೋ ಗಾಡಿಗಳೆಲ್ಲ ಇದರ ಅಡಿಗಟ್ಟನ್ನೇ ನೆಚ್ಚಿಕೊಂಡು ಹುಟ್ಟಿದ್ದರಿಂದ ಬಿಡಿಭಾಗಗಳಿಗೆ ಈಗಲೂ ಅಷ್ಟಾಗಿ ಬರವಿಲ್ಲ. ಹೊಸದು ಬೇಕಾದರೆ ಜೆ.ಸಿ. ರಸ್ತೆ, ಕೆಲಸಗಾರ ಬೇಕಾದರೆ ಕಲಾಸಿಪಾಳ್ಯ, ಎಲ್ಲಿಯೂ ಸಿಕ್ಕದ್ದು ಬೇಕಾದರೆ ಶಿವಾಜಿನಗರದ ಗುಜರಿ. ಈ ಮೂರು ಊರಿನ ನಡುವೆಯೇ ಇರುವಾಗ ಬಳೇಪೇಟೆಯವನಿಗೆ ಗಾಡಿ ರಿಪೇರಿಯ ಹುಚ್ಚು ಹಿಡಿಯುವುದು ಆಶ್ಚರ್ಯವಲ್ಲ. ಭಾನುವಾರ ಬೆಳಗ್ಗೆ ಅಂಗಡಿಗಳು ಬಾಗಿಲು ಹಾಕಿ ಓಣಿ ನಿಶ್ಶಬ್ದವಾಗಿರುವ ಹೊತ್ತಿನಲ್ಲಿ, ಮನೆಯ ಮುಂದೆ ಗೋಣಿ ಹಾಸಿಕೊಂಡು ಗಾಡಿಯ ಕೆಳಗೆ ಮಲಗುವುದು ನನಗೆ ಮೂವತ್ತು ವರ್ಷದ ಅಭ್ಯಾಸ.

ತಂದೆಯವರು ಈ ಗಾಡಿಯಲ್ಲಿ ಗಾಜಿನ ಬಳೆಯ ಪೆಟ್ಟಿಗೆಗಳನ್ನು ಹೇರಿಕೊಂಡು ಘಾಟಿ ಸುಬ್ರಹ್ಮಣ್ಯದ ದನಗಳ ಜಾತ್ರೆಗೆ, ಸಿದ್ಧಗಂಗೆಯ ಶಿವರಾತ್ರಿ ಜಾತ್ರೆಗೆ ಹೋಗುತ್ತಿದ್ದರು. ಹಿಂದೆ ಸಾವಿರಾರು ಡಜನ್ ಗಾಜು. ಮುಂದೆ ಹಳ್ಳಿಯ ದಾರಿ. ಸ್ಪ್ರಿಂಗ್ ಪಟ್ಟೆಗಳಿಗೆ ಎಣ್ಣೆ ಒಣಗುವುದಕ್ಕೆ ಅವರು ಬಿಟ್ಟವರಲ್ಲ. ನಿಲ್ಲಿಸಬೇಕಾದ ಜಾಗಕ್ಕೆ ಇನ್ನೂ ಐವತ್ತು ಗಜ ಇರುವಾಗಲೇ ಬ್ರೇಕಿನ ಮೇಲೆ ಕಾಲಿಡುತ್ತಿದ್ದರು. ಅವರ ಹಾಗೆ ಮೆತ್ತಗೆ ಗಾಡಿ ಬಿಟ್ಟವರನ್ನು ನಾನು ಇದುವರೆಗೆ ಕಂಡಿಲ್ಲ. ಅದು ಬಳೆಗಾಗಿಯೋ ದಾರಿಯವರಿಗಾಗಿಯೋ ಎಂದು ಕೇಳುವ ಪ್ರಸಂಗ ಬರಲಿಲ್ಲ. ಗಾಜು ಹೇರಿದವನಿಗೆ ಆ ಎರಡೂ ಒಂದೇ ಆಗಿಬಿಡುತ್ತದೆ. ಗೋಣಿಚೀಲ ಹೇರಿದವನಿಗೆ ಹಾಗಿಲ್ಲ.

ಈ ಮೂವತ್ತು ಚಿಲ್ಲರೆ ವರ್ಷಗಳಲ್ಲಿ ಗಾಡಿಯಲ್ಲಿ ಏನೇನು ಬದಲಾಯಿತೆಂದು ಲೆಕ್ಕ ಹಾಕುವುದಕ್ಕಿಂತ ಏನು ಬದಲಾಗಲಿಲ್ಲ ಎನ್ನುವುದೇ ಸುಲಭ. ಎಂಜಿನ್ನಿಗೆ ಎರಡು ಬಾರಿ ಬೋರಾಗಿದೆ. ಗೇರ್‌ಬಾಕ್ಸು ಗುಜರಿಯಿಂದ ಬಂದದ್ದು. ಹಿಂದಿನ ತೊಟ್ಟಿಯ ತಳ ತುಕ್ಕು ತಿಂದು ಹೋಗಿ ಹೊಸ ತಗಡು ಬಿದ್ದಿದೆ. ಹಾಗಾದರೆ ಇದು ತಂದೆಯವರ ಗಾಡಿಯೇ ಹೌದೇ?

ಪ್ರಶ್ನೆ ಹಳೆಯದು. ‘ಮಿಲಿಂದಪ್ರಶ್ನೆ’ಯಲ್ಲಿ ನಾಗಸೇನ ಭಿಕ್ಷು ಯವನ ರಾಜನನ್ನು ಕೇಳುತ್ತಾನೆ: ನೀನು ಬಂದ ರಥ ಎಂದರೇನು? ಅಚ್ಚು ರಥವೋ, ಗಾಲಿ ರಥವೋ, ನೊಗ ರಥವೋ? ಒಂದೊಂದಕ್ಕೂ ಅಲ್ಲ ಅಲ್ಲ ಎಂದು ಹೇಳುತ್ತ ಹೋದ ರಾಜ ಕೊನೆಗೆ, ಇವೆಲ್ಲ ಕೂಡಿದಾಗ ನಾವು ಇಡುವ ಹೆಸರಷ್ಟೇ ರಥ ಎಂದು ಒಪ್ಪಬೇಕಾಗುತ್ತದೆ. ಗ್ರೀಕರಲ್ಲಿಯೂ ಹಲಗೆ ಹಲಗೆಯಾಗಿ ಬದಲಾದ ಥೀಸಿಯಸ್ಸನ ಹಡಗಿನ ಕಥೆಯನ್ನು ಪ್ಲೂಟಾರ್ಕ್ ಬರೆದಿಟ್ಟಿದ್ದಾನೆ. ನಮ್ಮ ಬಳೇಪೇಟೆಯಲ್ಲಿ ಈ ಸಮಸ್ಯೆಗೆ ತತ್ತ್ವಜ್ಞಾನಿಗಳು ಬೇಕಾಗಿಲ್ಲ. ಇಲ್ಲಿ ವಾದ್ಯಗಳ ಅಂಗಡಿ ಸಾಲುಸಾಲಾಗಿವೆ. ಮೃದಂಗಕ್ಕೆ ಮುಚ್ಚಿಗೆ ಹೋದರೆ ಹೊಸದು ಹಾಕುತ್ತಾರೆ, ಕರಣೆ ಹೋದರೆ ಹೊಸದು ಕೂರಿಸುತ್ತಾರೆ, ಬಾರು ಬದಲಿಸುತ್ತಾರೆ. ನುಡಿಯುವ ಭಾಗವೆಲ್ಲ ಹೊಸದು. ಉಳಿಯುವುದು ಹಲಸಿನ ಮರದ ಹೊಟ್ಟೆ ಮಾತ್ರ. ಆದರೂ ವಿದ್ವಾಂಸರು ‘ಇದು ನಮ್ಮ ಗುರುಗಳ ಮೃದಂಗ’ ಎಂದೇ ಕಣ್ಣಿಗೊತ್ತಿಕೊಂಡು ತೆಗೆದುಕೊಂಡು ಹೋಗುತ್ತಾರೆ. ಯಾರೂ ಜಗಳವಾಡುವುದಿಲ್ಲ.

ಸರ್ಕಾರದ ಸಾರಿಗೆ ಕಚೇರಿಯ ಉತ್ತರ ಇನ್ನೂ ಚಿಕ್ಕದು. ಅವರಿಗೆ ಗಾಡಿಯೆಂದರೆ ಚಾಸಿಯ ಮೇಲೆ ಕೊರೆದಿರುವ ನಂಬರು. ಅದರ ಮೇಲೆ ಕಾಗದವಿಟ್ಟು ಪೆನ್ಸಿಲ್ಲಿನಿಂದ ಉಜ್ಜಿ ಅಚ್ಚು ತೆಗೆದು ಅರ್ಜಿಗೆ ಅಂಟಿಸಿದರೆ ಗಾಡಿಯ ಆತ್ಮವನ್ನೇ ಲಗತ್ತಿಸಿದಂತೆ. ನಾಗಸೇನನಿಗೆ ಈ ಉಪಾಯ ತಿಳಿದಿರಲಿಲ್ಲ.

ಆದರೆ ನನ್ನನ್ನು ಕಾಡುವುದು ಗಾಡಿ ಅದೇನೋ ಬೇರೆಯೋ ಎಂಬುದಲ್ಲ. ಅದು ಭಾನುವಾರದ ಹರಟೆಗೆ ಸರಿ. ನನ್ನನ್ನು ಕಾಡುವುದು, ಈ ಗಾಡಿಯಲ್ಲಿ ನನ್ನದಾದದ್ದು ಎಷ್ಟು ಎಂಬುದು.

ಜೆ.ಸಿ. ರಸ್ತೆಯಲ್ಲಿ ಒಂದು ಸುತ್ತು ನಡೆದು ನೋಡಿ. ಅಂಗಡಿಯ ಮುಂಭಾಗದಲ್ಲಿ ತೂಗುಹಾಕಿರುವುದೆಲ್ಲ ಸೀಟಿನ ಕವರು, ಬಣ್ಣದ ದೀಪ, ಹಾರನ್ನು, ಹೊಳೆಯುವ ವೀಲ್ ಕಪ್ಪು. ಬ್ರೇಕಿನ ವೀಲ್ ಸಿಲಿಂಡರಿಗೆ ಬೇಕಾದ ರಬ್ಬರು ಬಟ್ಟಲುಗಳನ್ನು ಕೇಳಿದರೆ ಹುಡುಗ ಏಣಿ ಹಾಕಿಕೊಂಡು ಅಟ್ಟದ ಹಿಂದಿನಿಂದ ಧೂಳು ಹಿಡಿದ ಒಂದು ರಟ್ಟಿನ ಪೆಟ್ಟಿಗೆ ತೆಗೆಯುತ್ತಾನೆ. ಅಂಗಡಿಯವನ ತಪ್ಪಲ್ಲ; ಗಿರಾಕಿಯ ಮನಸ್ಸು ಹೇಗಿದೆಯೋ ಹಾಗೆ ಅವನ ಅಟ್ಟ. ಮನೆಯಲ್ಲಿ ಗಾಡಿ ಇಟ್ಟುಕೊಂಡು ಅದನ್ನು ‘ಸುಧಾರಿಸುವ’ ನಮ್ಮಂಥವರು ಹಣ ಸುರಿಯುವುದು ನಮಗೆ ಕಾಣುವ ಕಡೆ, ನಮಗೆ ಕೇಳುವ ಕಡೆ, ನಮ್ಮ ಬೆನ್ನಿಗೆ ಹಿತವಾಗುವ ಕಡೆ. ಬ್ರೇಕಿನ ರಬ್ಬರು ಕಾಣುವುದಿಲ್ಲ, ಕೇಳುವುದಿಲ್ಲ. ಅದರಿಂದ ಉಪಕಾರ ಪಡೆಯುವವನು ಯಾವುದೋ ಒಂದು ಮುಸ್ಸಂಜೆ ಚಿಕ್ಕಪೇಟೆಯ ತಿರುವಿನಲ್ಲಿ ಅಡ್ಡ ಬರುವ ಒಬ್ಬ ಅಪರಿಚಿತ. ಅವನಿಗೂ ತನಗೆ ಉಪಕಾರವಾಯಿತೆಂದು ಗೊತ್ತಾಗುವುದಿಲ್ಲ.

ಅಷ್ಟೇ ಅಲ್ಲ. ಸುಧಾರಣೆಗಳಲ್ಲಿ ಬಹುಪಾಲು ಎದುರಿನವನಿಂದ ಏನನ್ನಾದರೂ ಕಿತ್ತುಕೊಳ್ಳುತ್ತವೆ. ಕಣ್ಣು ಕೋರೈಸುವ ಬಿಳಿಯ ದೀಪ ನನಗೆ ದಾರಿ ತೋರಿಸುತ್ತದೆ, ಎದುರಿನಿಂದ ಸೈಕಲ್ಲಿನಲ್ಲಿ ಬರುವವನ ದಾರಿಯನ್ನು ಅಳಿಸುತ್ತದೆ. ಹಲವು ಸ್ವರದ ಹಾರನ್ನು ನಿಯಮದಲ್ಲೇ ನಿಷಿದ್ಧ, ಮಾರಾಟಕ್ಕೇನೋ ಕೊರತೆಯಿಲ್ಲ. ಸ್ಪ್ರಿಂಗಿಗೆ ಎರಡು ಪಟ್ಟೆ ಹೆಚ್ಚು ಸೇರಿಸಿದರೆ ಹೆಚ್ಚು ಹೇರಬಹುದು. ಆ ಹೆಚ್ಚಿನ ಭಾರವನ್ನು ನಿಲ್ಲಿಸಬೇಕಾದ ಬ್ರೇಕು ಮಾತ್ರ ಅಷ್ಟೇ ಇರುತ್ತದೆ. ೧೯೮೮ರ ಮೋಟಾರು ವಾಹನ ಕಾಯಿದೆಯ ೫೨ನೆಯ ಕಲಮು, ತಯಾರಕರು ಕೊಟ್ಟ ಮೂಲ ವಿವರಗಳಿಗೆ ವ್ಯತ್ಯಾಸ ಬರುವಂತೆ ಮಾಲೀಕನು ವಾಹನವನ್ನು ಮಾರ್ಪಡಿಸಬಾರದು ಎನ್ನುತ್ತದೆ. ಕೇರಳದ ಒಂದು ಮೊಕದ್ದಮೆಯಲ್ಲಿ ೨೦೧೯ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಇದನ್ನೇ ಒತ್ತಿ ಹೇಳಿತು. ಗಾಡಿ ಪ್ರೇಮಿಗಳು ಆಗ ಗೊಣಗಿದರು: ನನ್ನ ಹಣ, ನನ್ನ ಗಾಡಿ, ಇವರಿಗೇನು? ನನಗೆ ಕಾನೂನಿನ ಮೇಲೆ ವಿಶೇಷ ಪ್ರೀತಿ ಏನೂ ಇಲ್ಲ. ಆದರೆ ಈ ‘ನನ್ನ ಗಾಡಿ’ ಎಂಬ ಮಾತನ್ನು ಒಂದಿಷ್ಟು ಬಿಚ್ಚಿ ನೋಡಬೇಕೆನ್ನಿಸಿತು.

ಸೀಟು ನನ್ನದು. ಅದು ಹರಿದರೆ ಕುಟ್ಟಿಸಿಕೊಳ್ಳುವುದು ನನ್ನ ಬೆನ್ನು. ಬಣ್ಣ ನನ್ನದು. ಬ್ರೇಕು? ಅದಕ್ಕೆ ಹಣ ಕೊಟ್ಟವನು ನಾನು, ನಿಜ. ಆದರೆ ದೇವಸ್ಥಾನಕ್ಕೆ ಗಂಟೆ ಕೊಡಿಸಿದವನು ‘ಗಂಟೆ ನನ್ನದು’ ಎನ್ನುವುದುಂಟೇ? ಹಾಗೆಯೇ ಬ್ರೇಕು, ಹಿಂದಿನ ಕೆಂಪು ದೀಪ, ಟೈರಿನ ಹಲ್ಲು, ಹೊಗೆಯ ಕೊಳವೆ, ಇವು ದಾರಿಯವರ ಸ್ವತ್ತು. ನನ್ನ ಗಾಡಿಯಲ್ಲಿ ಇಟ್ಟಿರುವ ಠೇವಣಿ. ಠೇವಣಿಯನ್ನು ಕೊಳೆಯಲು ಬಿಟ್ಟವನನ್ನು ವ್ಯಾಪಾರದಲ್ಲಿ ನಾವು ಏನೆಂದು ಕರೆಯುತ್ತೇವೆ?

ಈ ಕಾರಣದಿಂದ ನಮ್ಮ ಮನೆಯಲ್ಲಿ ಬ್ರೇಕಿನ ಕೆಲಸಕ್ಕೆ ಬೇರೆ ಮರ್ಯಾದೆ. ಬ್ರೇಕ್ ಆಯಿಲಿಗೆ ಒಂದು ದುರ್ಗುಣವಿದೆ: ಗಾಳಿಯಲ್ಲಿನ ತೇವವನ್ನು ಅದು ಹೀರಿಕೊಳ್ಳುತ್ತದೆ. ತೇವ ಹೆಚ್ಚಾದಂತೆ ಕಡಮೆ ಶಾಖಕ್ಕೇ ಕುದಿಯುತ್ತದೆ, ಸಿಲಿಂಡರಿನ ಒಳಗೋಡೆಗೆ ತುಕ್ಕು ಹಿಡಿಸುತ್ತದೆ. ಆದ್ದರಿಂದ ಎರಡು ವರ್ಷಕ್ಕೊಮ್ಮೆ ಪೂರ್ತಿ ಚೆಲ್ಲಿ ಹೊಸದು ತುಂಬಬೇಕು. ಇದು ಒಬ್ಬನೇ ಮಾಡುವ ಕೆಲಸವಲ್ಲ. ಮಗ ಮೇಲೆ ಕೂತು ಪೆಡಲು ಒತ್ತಿ ಹಿಡಿಯಬೇಕು. ನಾನು ಕೆಳಗೆ ನಿಪ್ಪಲು ಸಡಿಲಿಸಿ ಗುಳ್ಳೆ ಬರುವ ಆಯಿಲು ಹೋಗುವಂತೆ ಬಿಟ್ಟು ಮತ್ತೆ ಬಿಗಿಮಾಡಬೇಕು. ಆಮೇಲೆ ಅವನು ಕಾಲೆತ್ತಬೇಕು. ‘ಒತ್ತು, ಹಿಡಿ, ಬಿಡು’ ಎಂಬ ಮೂರು ಮಾತುಗಳಲ್ಲಿ ಒಂದು ಮುಂಜಾವು ಕಳೆಯುತ್ತದೆ. ಒಳಗೆ ಒಂದು ಗುಳ್ಳೆ ಉಳಿದರೂ ಪೆಡಲು ಸ್ಪಂಜಿನ ಹಾಗೆ ಕುಸಿಯುತ್ತದೆ. ಡ್ರಮ್ಮು ಕಡೆಯಿಸುವುದು, ಸ್ಟಿಯರಿಂಗ್ ಜೋಡಣೆ, ಇವನ್ನು ಮಾತ್ರ ನಾನು ಮನೆಯಲ್ಲಿ ಮುಟ್ಟುವುದಿಲ್ಲ, ಕಲಾಸಿಪಾಳ್ಯಕ್ಕೆ ಒಯ್ಯುತ್ತೇನೆ. ಹವ್ಯಾಸಿ ತನಗೆ ತಿಳಿಯದ್ದನ್ನು ತನ್ನ ಎಂಜಿನ್ನಿನ ಮೇಲೆ ಕಲಿಯಬಹುದು. ದಾರಿಹೋಕನ ಕಾಲಿನ ಮೇಲೆ ಕಲಿಯುವುದಕ್ಕೆ ಅವನಿಗೆ ಯಾರು ಅನುಮತಿ ಕೊಟ್ಟರು?

ಎಂಜಿನ್ನಿನ ಹಳೆಯ ಆಯಿಲಿನದೂ ಇದೇ ಕಥೆ. ಮನೆಯಲ್ಲಿ ಆಯಿಲು ಬದಲಿಸುವವರಿಗೆ ಎದುರಿನ ಮೋರಿ ಬಹಳ ಅನುಕೂಲವಾದ ಜಾಗ. ಪೇಟೆಯ ಪಶ್ಚಿಮದ ಮೋರಿಗಳು ವೃಷಭಾವತಿಗೆ ಸೇರುತ್ತವೆ, ವೃಷಭಾವತಿ ಅರ್ಕಾವತಿಗೆ, ಅರ್ಕಾವತಿ ಸಂಗಮದಲ್ಲಿ ಕಾವೇರಿಗೆ. ನಾವು ಕುಡಿಯುವ ಕಾವೇರಿ ನೀರನ್ನು ತೊರೆಕಾಡನಹಳ್ಳಿಯ ಮೂಲಕ ತರುವುದು ಆ ಸಂಗಮಕ್ಕಿಂತ ಮೇಲಿನಿಂದ. ಎಂದರೆ ನಾವು ಚೆಲ್ಲಿದ್ದು ನಮ್ಮ ಲೋಟಕ್ಕೆ ಬರುವುದಿಲ್ಲ. ಕೆಳಗಿನವರ ಲೋಟಕ್ಕೆ ಹೋಗುತ್ತದೆ. ಬಂದಿದ್ದರೆ ಬಹುಶಃ ಈ ಪರಿಚ್ಛೇದವನ್ನು ಬರೆಯುವ ಅಗತ್ಯವೇ ಇರುತ್ತಿರಲಿಲ್ಲ.

ಆಯುಧಪೂಜೆಯ ಮಾತನ್ನೂ ಇಲ್ಲೇ ಹೇಳಿಬಿಡುತ್ತೇನೆ. ಅಂದು ಗಾಡಿ ತೊಳೆದು, ಬಾಳೆಕಂದು ಕಟ್ಟಿ, ಚಕ್ರದಡಿ ನಿಂಬೆಹಣ್ಣಿಟ್ಟು, ಬೂದುಗುಂಬಳ ಒಡೆಯುತ್ತೇವೆ. ನನಗೆ ಈ ಹಬ್ಬ ಇಷ್ಟ. ಉಪಕರಣಕ್ಕೆ ಕೈಮುಗಿಯುವ ಜನ ಉಪಕರಣವನ್ನು ಹಾಳುಮಾಡುವುದು ಕಷ್ಟ ಎಂದು ನಂಬಿದವನು ನಾನು. ಆದರೆ ನಮ್ಮ ಗಾಡಿಯ ದೃಷ್ಟಿ ತೆಗೆದ ಕುಂಬಳಕಾಯಿಯ ಹೋಳಿನ ಮೇಲೆ ಸ್ಕೂಟರಿನವನು ಜಾರಿ ಬೀಳುತ್ತಾನೆ. ಪ್ರತಿವರ್ಷವೂ ಪೊಲೀಸರು ಎಚ್ಚರಿಸುತ್ತಾರೆ, ಪ್ರತಿವರ್ಷವೂ ಹೋಳುಗಳು ರಸ್ತೆಯಲ್ಲಿಯೇ ಇರುತ್ತವೆ.

ಇಷ್ಟರವರೆಗೆ ದಾರಿ ಸುಲಭ. ಬ್ರೇಕನ್ನು ಸರಿಯಾಗಿಡಬಹುದು, ಆಯಿಲನ್ನು ಡಬ್ಬದಲ್ಲಿ ತುಂಬಿ ಕೊಡಬೇಕಾದವರಿಗೆ ಕೊಡಬಹುದು, ಹೋಳು ಗುಡಿಸಬಹುದು. ಕಷ್ಟವಿರುವುದು ಹೊಗೆಯಲ್ಲಿ.

ಡೀಸೆಲ್ ಗಾಡಿಯ ಹೊಗೆ ಒಂದು ಭಾಷೆ, ಓದಲು ಕಲಿಯಬಹುದು. ಕಪ್ಪು ಬಂದರೆ ಗಾಳಿ ಸಾಲದು, ಇಲ್ಲವೇ ನಾಜಲು ಸವೆದು ಇಂಧನ ಸರಿಯಾಗಿ ಹನಿಯಾಗುತ್ತಿಲ್ಲ. ನೀಲಿ ಬಂದರೆ ಪಿಸ್ಟನ್ನಿನ ರಿಂಗು ಸವೆದು ಎಂಜಿನ್ ತನ್ನ ಎಣ್ಣೆಯನ್ನೇ ಸುಡುತ್ತಿದೆ. ಬಿಳಿ ಬಿಡದೆ ಬಂದರೆ ಇಂಧನ ಸುಡದೆಯೇ ಹೋಗುತ್ತಿದೆ, ಅಥವಾ ನೀರು ಒಳಗೆ ಸೇರಿದೆ. ಈ ನಾಜಲು, ಈ ಪಂಪುಗಳ ವಿಷಯದಲ್ಲಿ ಬೆಂಗಳೂರಿಗೆ ವಿಶೇಷ ಅಭಿಮಾನವೂ ಉಂಟು. ೧೯೫೦ರ ದಶಕದಲ್ಲಿ ಆಡುಗೋಡಿಯಲ್ಲಿ ಶುರುವಾದ ಮೈಕೋ ಕಾರ್ಖಾನೆ ಇವನ್ನು ದೇಶಕ್ಕೆಲ್ಲ ಮಾಡಿಕೊಟ್ಟಿತು. ೨೦೦೮ರಲ್ಲಿ ಅದರ ಹೆಸರು ಬಾಷ್ ಆಯಿತು. ಹಳೆಯ ಮೆಕ್ಯಾನಿಕ್ಕರು ಈಗಲೂ ‘ಮೈಕೋ ಪಂಪು’ ಎಂದೇ ಅನ್ನುವುದು.

ಹೊಗೆ ತಪಾಸಣೆಯ ಕೇಂದ್ರದಲ್ಲಿ ಎಕ್ಸಲರೇಟರನ್ನು ಒಮ್ಮೆಲೇ ಒತ್ತಿಸಿ, ಕೊಳವೆಯ ಹೊಗೆ ಬೆಳಕನ್ನು ಎಷ್ಟು ತಡೆಯುತ್ತದೆ ಎಂದು ಅಳೆಯುತ್ತಾರೆ. ಶುದ್ಧ ಗಾಳಿ ಸೊನ್ನೆ, ಕಡುಕತ್ತಲೆ ನೂರು. ಬಿ.ಎಸ್. ನಾಲ್ಕಕ್ಕಿಂತ ಹಿಂದಿನ ಡೀಸೆಲ್ ವಾಹನಕ್ಕೆ ಮಿತಿ ೬೫, ಬಿ.ಎಸ್. ನಾಲ್ಕರದಕ್ಕೆ ೫೦. ನಮ್ಮ ಗಾಡಿಗೆ ಪ್ರಮಾಣಪತ್ರ ತಪ್ಪದೆ ಸಿಗುತ್ತಿದೆ. ಆದರೆ ನಮ್ಮ ಓಣಿಯಲ್ಲಿ ಇನ್ನೊಂದು ಅಳತೆಗೋಲು ಇದೆ. ಎದುರು ಮಹಡಿಯಲ್ಲಿ ಉಬ್ಬಸದಿಂದ ನರಳುವ ಒಬ್ಬ ಅಜ್ಜಿ ಇದ್ದಾರೆ. ನಾನು ಗಾಡಿಯ ಬೀಗದಕೈ ಹಿಡಿದು ಹೊರಗೆ ಬಂದರೆ ಅವರ ಕಿಟಕಿ ಮುಚ್ಚುತ್ತದೆ. ಒಂದು ದಿನವೂ ದೂರಲಿಲ್ಲ. ಒಮ್ಮೆ ನಾನೇ ಮಾತೆತ್ತಿದಾಗ, “ಇರ್ಲಿ ಬಿಡಪ್ಪಾ, ನಿಮ್ಮಪ್ಪನ ಗಾಡಿ ಅಲ್ವಾ?” ಎಂದರು.

ಬೈದಿದ್ದರೆ ಉತ್ತರ ಹೇಳಬಹುದಿತ್ತು. ಕಾನೂನು ಇದೆ, ಪ್ರಮಾಣಪತ್ರ ಇದೆ. ಈ ಮಾತಿಗೆ ಉತ್ತರವಿಲ್ಲ.

ದೇವಋಣ, ಋಷಿಋಣ, ಪಿತೃಋಣ ಎಂದು ಮೂರು ಋಣಗಳನ್ನು ಎಲ್ಲರೂ ಬಲ್ಲರು. ಶತಪಥ ಬ್ರಾಹ್ಮಣ ನಾಲ್ಕನೆಯದೊಂದನ್ನು ಹೇಳುತ್ತದೆ: ಮನುಷ್ಯರಿಗೆ ಸಲ್ಲಬೇಕಾದ ಋಣ. ಮನೆಗೆ ಬಂದವರಿಗೆ ಇರಲು ಎಡೆ, ಉಣ್ಣಲು ಅನ್ನ ಕೊಟ್ಟು ಅದನ್ನು ತೀರಿಸಬೇಕಂತೆ. ಈ ನಾಲ್ಕನೆಯದನ್ನು ನಾವು ಏಕೆ ಮರೆತೆವೋ ಕಾಣೆ. ಮೊದಲ ಮೂವರು ಕಣ್ಣಿಗೆ ಕಾಣದವರು, ಅವರೊಡನೆ ವ್ಯವಹಾರ ಸುಲಭ. ನಾಲ್ಕನೆಯವರು ಎದುರು ಮನೆಯಲ್ಲಿರುತ್ತಾರೆ ಎಂಬುದೇ ಕಾರಣವಿರಬಹುದು. ತಂದೆಯ ಗಾಡಿಯನ್ನು ಕಾಪಾಡಿದ್ದು ಪಿತೃಋಣವೆಂದೇ ಇಟ್ಟುಕೊಳ್ಳೋಣ. ಅದನ್ನು ಅಜ್ಜಿಯ ಉಸಿರಿನಿಂದ ತೀರಿಸಬಹುದೇ? ಒಂದು ಸಾಲಕ್ಕೆ ಇನ್ನೊಬ್ಬರ ಪೆಟ್ಟಿಗೆಯಿಂದ ತೆಗೆದು ಕೊಟ್ಟರೆ ಪೇಟೆಯಲ್ಲಿ ಅದನ್ನು ಸಾಲ ತೀರಿಕೆ ಎನ್ನುವುದಿಲ್ಲ.

ಡೀಸೆಲ್ ಹೊಗೆ ಮನುಷ್ಯರಲ್ಲಿ ಕ್ಯಾನ್ಸರಿಗೆ ಕಾರಣವೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ೨೦೧೨ರಲ್ಲಿ ನಿರ್ಣಯಿಸಿತು. ದೇಶಕ್ಕೆಲ್ಲ ೨೦೨೦ರ ಏಪ್ರಿಲ್‌ನಿಂದ ಬಂದ ಬಿ.ಎಸ್. ಆರರ ಡೀಸೆಲ್ ಗಾಡಿಗಳಲ್ಲಿ ಮಸಿಯನ್ನು ಹಿಡಿದು ಸುಡುವ ಶೋಧಕವೇ ಇರುತ್ತದೆ. ನಮ್ಮ ಗಾಡಿ ಬಿ.ಎಸ್. ಎಂಬ ಹೆಸರು ಹುಟ್ಟುವ ಮೊದಲಿನದು. ರಿಪೇರಿಯ ಎಲ್ಲೆ ನನಗೆ ಕಂಡದ್ದು ಇಲ್ಲಿ. ಈ ವರ್ಷ ಎಂಜಿನ್ ಮತ್ತೆ ನೀಲಿ ಹೊಗೆ ತೋರಿಸತೊಡಗಿತು. ಕಲಾಸಿಪಾಳ್ಯದ ಮೆಕ್ಯಾನಿಕ್ಕು ನೋಡಿ, “ಲೈನರ್ ಹಾಕಿ, ನಾಜಲ್ ಹೊಸದು ಹಾಕಿಬಿಡೋಣ ಸಾರ್. ಇನ್ನು ಹತ್ತು ವರ್ಷ ತಿರುಗಿ ನೋಡೋ ಹಾಗಿಲ್ಲ,” ಎಂದ. ಅವನ ಮಾತು ಸುಳ್ಳಲ್ಲ. ಆದರೆ ಅವನ ಕೈಚಳಕವೆಲ್ಲ ಸೇರಿದರೂ ಗಾಡಿ ೧೯೯೪ರಲ್ಲಿ ಹೇಗಿತ್ತೋ ಹಾಗಾಗಬಲ್ಲದು. ಆಗಿನ ಹೊಸ ಗಾಡಿಯ ಹೊಗೆಯೂ ಹೊಗೆಯೇ. ಜೀರ್ಣೋದ್ಧಾರ ಮುಗಿದ ದಿನವೂ ಆ ಕಿಟಕಿ ಮುಚ್ಚಲೇಬೇಕು.

ಹಾಗಾದರೆ ಹಳೆಯದನ್ನೆಲ್ಲ ಗುಜರಿಗೆ ಹಾಕುವುದೇ ಧರ್ಮವೋ? ಅದನ್ನೂ ನಾನು ಒಪ್ಪಲಾರೆ. ದೆಹಲಿಯಲ್ಲಿ ಹತ್ತು ವರ್ಷ ದಾಟಿದ ಡೀಸೆಲ್ ವಾಹನ ಓಡಬಾರದೆಂದು ಹಸಿರು ನ್ಯಾಯಾಧಿಕರಣ ೨೦೧೫ರಲ್ಲಿ ಹೇಳಿತು. ಸುಪ್ರೀಂ ಕೋರ್ಟು ೨೦೧೮ರಲ್ಲಿ ಅದನ್ನು ಎತ್ತಿಹಿಡಿಯಿತು. ಮಕ್ಕಳ ಶಾಲೆಗೆ ತಿಂಗಳಿಗೆ ನಾಲ್ಕು ಬಾರಿ ಅಕ್ಕಿ ಸಾಗಿಸುವ, ಚೆನ್ನಾಗಿಟ್ಟ ಹನ್ನೆರಡು ವರ್ಷದ ಗಾಡಿಗೂ, ಹಗಲುರಾತ್ರಿ ಓಡಿ ಎಂಟೇ ವರ್ಷಕ್ಕೆ ಲಡ್ಡಾದ ಗಾಡಿಗೂ ಹುಟ್ಟಿದ ತಾರೀಖೊಂದನ್ನೇ ನೋಡಿ ತೀರ್ಪು ಕೊಡುವುದು ನ್ಯಾಯದ ಸೋಮಾರಿತನ. ಹೊಸ ಗಾಡಿಯೂ ಆಕಾಶದಿಂದ ಇಳಿಯುವುದಿಲ್ಲ. ಒಂದು ಟನ್ ಉಕ್ಕು ಮಾಡುವುದಕ್ಕೆ ಹೆಚ್ಚುಕಡಮೆ ಎರಡು ಟನ್ ಇಂಗಾಲಾಮ್ಲ ಯಾವುದೋ ಊರಿನ ಚಿಮಣಿಯಿಂದ ಏಳುತ್ತದೆ. ಒಂದೇ ಗಾಡಿಯಿಂದ ಸಂಸಾರ ಸಾಗಿಸುವವನಿಗೆ ನಾನು ಈ ಉಪದೇಶ ಹೇಳಲಾರೆ. ಅವನ ಹೊಗೆಯಲ್ಲಿ ಅವನ ಮಕ್ಕಳ ಅನ್ನವೂ ಇದೆ. ನನ್ನ ಹೊಗೆಯಲ್ಲಿ ಇರುವುದು ನನ್ನ ಭಾನುವಾರ.

ಮಾರಿಬಿಡಬಹುದಿತ್ತು. ಕೋಲಾರದ ಕಡೆಯ ತರಕಾರಿ ವ್ಯಾಪಾರಿಯೊಬ್ಬರು ಒಳ್ಳೆಯ ಬೆಲೆಯನ್ನೇ ಹೇಳಿದರು. ಆದರೆ ಆ ಊರಿನಲ್ಲಿಯೂ ಎದುರು ಮನೆ ಇರುತ್ತದೆ, ಅದಕ್ಕೂ ಕಿಟಕಿ ಇರುತ್ತದೆ. ನಗರ ತನಗೆ ಬೇಡವಾದ ಗಾಡಿಗಳನ್ನು ಹೀಗೆಯೇ ಹಳ್ಳಿಗಳಿಗೆ ಅಟ್ಟಿ ಕೈ ತೊಳೆದುಕೊಳ್ಳುತ್ತದೆ. ಬೇಡವೆಂದೆ. ವ್ಯಾಪಾರಿಗೆ ಬೇಸರವಾಯಿತು.

೨೦೨೧ರ ಆಗಸ್ಟಿನಲ್ಲಿ ಬಂದ ನೀತಿಯ ಪ್ರಕಾರ ನೋಂದಾಯಿತ ಕೇಂದ್ರಕ್ಕೆ ಒಪ್ಪಿಸಿದರೆ ಗಾಡಿಯನ್ನು ಬಿಚ್ಚಿ ಉಕ್ಕನ್ನು ಕರಗಿಸಲು ಕಳಿಸುತ್ತಾರೆ, ಒಂದು ಠೇವಣಿ ಪ್ರಮಾಣಪತ್ರ ಕೊಡುತ್ತಾರೆ. ಗಾಡಿಯ ಎಫ್.ಸಿ. ಮುಗಿಯುವುದು ಮಾಘದಲ್ಲಿ. ಪುಷ್ಯದಲ್ಲಿ ಘಾಟಿಯ ಜಾತ್ರೆಗೆ ಒಂದು ಸಲ ಬಳೆ ಹೇರಿಕೊಂಡು ಹೋಗಿಬರುವುದು, ಆಮೇಲೆ ಒಪ್ಪಿಸಿಬಿಡುವುದು ಎಂದು ಮನೆಯಲ್ಲಿ ನಿಶ್ಚಯವಾಗಿದೆ. ಅಂಗಡಿಯ ದಿನದ ಸಾಗಾಟಕ್ಕೆ ಈಗಾಗಲೇ ಬ್ಯಾಟರಿಯ ಮೂರು ಚಕ್ರದ ಗಾಡಿಯನ್ನು ಬಾಡಿಗೆಗೆ ಕರೆಯುತ್ತಿದ್ದೇವೆ. ಲೈನರಿಗೆಂದು ಎತ್ತಿಟ್ಟಿದ್ದ ಹಣ ಹಾಗೆಯೇ ಇದೆ.

ಅದರಲ್ಲಿ ಸ್ವಲ್ಪ ಕಳೆದ ವಾರ ಖರ್ಚಾಯಿತು. ಹಿಂಚಕ್ರದ ಸಿಲಿಂಡರುಗಳು ಜಿನುಗುತ್ತಿದ್ದವು. ಜೆ.ಸಿ. ರಸ್ತೆಗೆ ಹೋಗಿ ಎರಡು ಹೊಸ ಸಿಲಿಂಡರು, ಬ್ರೇಕ್ ಲೈನಿಂಗು, ಒಂದು ಡಬ್ಬಿ ಆಯಿಲು ತಂದೆ. ಮಗ ರಸೀತಿ ನೋಡಿ, “ಮೂರು ತಿಂಗಳಿಗೆ ಹೋಗೋ ಗಾಡಿಗೆ ಹೊಸ ಬ್ರೇಕಾ ಅಪ್ಪಾ?” ಎಂದ.

“ಮೂರು ತಿಂಗಳಿಗೆ ಹೋಗತ್ತೆ ಅಂತ ರಸ್ತೆ ದಾ‍ಟೋರಿಗೆ ಗೊತ್ತಿದೆಯೇನೋ?” ಎಂದು ಕೇಳಿದೆ. ಅವನು ಸುಮ್ಮನೆ ಸೀಟಿನ ಮೇಲೆ ಹತ್ತಿ ಕುಳಿತ. ನಾನು ಗೋಣಿ ಹಾಸಿಕೊಂಡೆ. ಹಿಂದಿನ ಎಡಚಕ್ರದಿಂದ ಶುರುಮಾಡಿದೆವು.